ನಲವತ್ತೊಂದನೇ ಖಾನೆಯ ಕಾಲು

ಜೂನ್ 3

ಅಪ್ಪನಿಗೆ,

ಕವರಿನ ಮೇಲಿನ ಅಕ್ಷರ ನೋಡಿಯೇ ಯಾರದ್ದೆಂದು ನಿಮಗೆ ಗೊತ್ತಾಗಿರುತ್ತದೆ. ಹರಿದು ಹಾಕುವ ಮೊದಲು ಒಳಗಿರುವ ಚಿತ್ರವನ್ನು ಮಾತ್ರ ಒಂದು ಸಲ ನೋಡಿ. ಮೂರು ವರ್ಷದ ಹಿಂದೆ ನೀವು "ಇನ್ನು ಈ ಮನೆಗೆ ಬರಬೇಡ" ಅಂದಿರಿ. ಬರೆಯಬೇಡ ಅಂದಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಆವತ್ತು ಅಂಗಡಿಯ ನಲ್ಲಿಯಲ್ಲಿ ಮೂರು ಸಲ ಸೋಪು ಹಾಕಿ ಕೈ ತೊಳೆದು, ಗಿರಾಕಿಗಳ ಎದುರಿಗೇ "ಈ ಕೋಳಿ ವಾಸನೆ ನನ್ನ ಜನ್ಮಕ್ಕೆ ಸಾಕು" ಅಂದಿದ್ದೂ ನೆನಪಿದೆ. ಫೋನಿನಲ್ಲಿ ಶುರು ಮಾಡಿದರೆ ಇಬ್ಬರ ದನಿಯೂ ಏರುತ್ತದೆ. ಅಲ್ಲದೆ ಈ ಚಿತ್ರವನ್ನು ನೀವು ಅಸಲಿ ಅಳತೆಯಲ್ಲೇ ನೋಡಬೇಕು.

ಮ್ಯೂಸಿಯಂನಲ್ಲಿ ನನ್ನ ಕೆಲಸ ಏನೆಂದು ಅಮ್ಮ ಹೇಳಿರಬಹುದು. ಕಲ್ಲಾಗಿ ಹೋದ ಹಳೆಯ ಮೂಳೆಗಳ ಸುತ್ತ ಅಂಟಿಕೊಂಡ ಕಲ್ಲನ್ನು ಸೂಜಿಯಿಂದ, ಬ್ರಷ್ಷಿನಿಂದ ಬಿಡಿಸುವುದು. ಬಿಡಿಸುವುದಷ್ಟೇ ನನ್ನ ಪಾಲಿನದು, ಅದು ಏನೆಂದು ಹೇಳಲು ಬೇರೆಯವರಿದ್ದಾರೆ. ಉಗ್ರಾಣದ ನಲವತ್ತೊಂದನೇ ಖಾನೆಯಲ್ಲಿ, ದೂರದ ದಕ್ಷಿಣದ ದೇಶವೊಂದರ ಸಮುದ್ರದಂಡೆಯ ಒಂದೇ ಬಂಡೆಯಿಂದ ತಂದ ಐದು ಕಲ್ಲುಗಳಿವೆ. ಅದರಲ್ಲಿ ಚಿಕ್ಕದರಿಂದ ಈ ಮೂಳೆ ಹೊರಬಂತು. ಮೂವತ್ತು ವರ್ಷದ ಹಿಂದಿನ ಚೀಟಿಯಲ್ಲಿ "ಆಮೆ, ತೋಳಿನ ಮೂಳೆ?" ಎಂದು ಬರೆದಿದೆ. ಆ ಪ್ರಶ್ನಾರ್ಥಕ ಚಿಹ್ನೆ ಮೂವತ್ತು ವರ್ಷದಿಂದ ಹಾಗೇ ಕೂತಿದೆ. ಸೆಪ್ಟೆಂಬರ್ ಕೊನೆಯೊಳಗೆ ಉಗ್ರಾಣದಲ್ಲಿ ಜಾಗ ಮಾಡಬೇಕಂತೆ. ಏನೆಂದು ಗೊತ್ತಿಲ್ಲದ್ದೆಲ್ಲ ಆಚೆ ಹೋಗುತ್ತದೆ.

ನನಗೆ ಇದು ಆಮೆ ಅನ್ನಿಸುವುದಿಲ್ಲ. ಮೊದಲ ಸಲ ಅಂಗೈಯಲ್ಲಿ ಇಟ್ಟುಕೊಂಡಾಗ ಏನೋ ಗೊತ್ತಿರುವ ವಸ್ತು ಅನ್ನಿಸಿತು. ಏನೆಂದು ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ. ಮೂಳೆಯನ್ನು ಹಾಳೆಯ ಮೇಲಿಟ್ಟು ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, ಒಳಗೆ ಕಂಡದ್ದನ್ನೂ ಬರೆದಿದ್ದೇನೆ. ನಿಮಗೆ ಏನು ಕಾಣಿಸುತ್ತದೆ?

ನಿಮ್ಮ ಮಗಳು


ಜೂನ್ 12

ಪಿಳ್ಳೆ,

ಹರಿಯಲಿಲ್ಲ. ಕಾಗದ ಬಂದಾಗ ನನ್ನ ಕೈ ಒದ್ದೆಯಿತ್ತು, ನಿಮ್ಮಮ್ಮ ಒಡೆದು ಓದಿದಳು. ಚಿತ್ರವನ್ನು ಎಲ್ಲಿಡುವುದೆಂದು ತಿಳಿಯದೆ ಕ್ಲಿಪ್ಪು ಹಾಕಿ ಕೊಕ್ಕೆಗೆ ನೇತುಹಾಕಿದೆ. ಸಾಲಿನಲ್ಲಿ ಆರು ಕೋಳಿ, ಏಳನೆಯದು ನಿನ್ನ ಕಾಗದ. ಗಿರಾಕಿಗೆ ಕೊಡಲು ಕೋಳಿ ಇಳಿಸುವಾಗ ಕಣ್ಣು ಹಾಗೇ ಮುಂದಕ್ಕೆ ಹೋಯಿತು. ಕೈಯಲ್ಲಿದ್ದ ಕತ್ತಿ ಕೆಳಗಿಟ್ಟೆ.

ಇದು ಕಾಲು ಕಣೇ. ಹಕ್ಕಿಯ ಕಾಲು.

ಮೇಲ್ತುದಿಯಲ್ಲಿ ಮೂರು ಗಂಟು ಬರೆದಿದ್ದೀಯಲ್ಲ, ಅವು ಮೂರು ಬೆರಳು ಕೂರುವ ಜಾಗ. ರಾಟೆಯ ಹಾಗೆ ನಡುವೆ ಗೀರು ಇದೆಯಾ ನೋಡು. ನಡುವಿನದು ಸ್ವಲ್ಪ ಮುಂದಕ್ಕೆ ಚಾಚಿರಬೇಕು. ನಿಮ್ಮ ದೊಡ್ಡವರು ಗಂಟು ಮೇಲಿದೆಯೆಂದು ಭುಜ ಅಂದುಕೊಂಡಿದ್ದಾರೆ. ಅವರು ಹಕ್ಕಿ ನಿಂತಿರುವುದನ್ನು ನೋಡಿದವರು. ನಾನು ಇಪ್ಪತ್ತೊಂಬತ್ತು ವರ್ಷದಿಂದ ಬೆರಳು ಮೇಲೆ, ತಲೆ ಕೆಳಗೆ ನೋಡಿಕೊಂಡು ಬಂದವನು. ನೀನೂ ಹಾಗೇ ನೋಡಿ ಬೆಳೆದವಳು. ನಿನ್ನ ಕೈಗೆ ಗೊತ್ತಾಗಿದೆ, ತಲೆಗೆ ಗೊತ್ತಾಗಿಲ್ಲ.

ಸುಮ್ಮನೆ ಹೇಳುತ್ತಿಲ್ಲ. ಒಂದು ಕೋಳಿ ಕಾಲು ಬೇಯಿಸಿ, ಉಜ್ಜಿ, ನಿನ್ನ ಚಿತ್ರದ ಮೇಲಿಟ್ಟೆ. ಉದ್ದ ಹೆಚ್ಚುಕಡಿಮೆ ಒಂದೇ, ನಿನ್ನದು ಬೆರಳಗಲ ಜಾಸ್ತಿ. ಆದರೆ ಅಗಲ ನಾಲ್ಕು ಪಟ್ಟು. ಉದ್ದಕ್ಕೂ ಎರಡು ಗೆರೆ ಎಳೆದಿದ್ದೀಯ, ಅದು ನಿಜವಾಗಿ ಗುಳಿಯಾಗಿದೆಯಾ? ಹಾಗಿದ್ದರೆ ಒಂದು ವಿಷಯ ಹೇಳುತ್ತೇನೆ. ಬೆಳೆದ ಕೋಳಿಯಲ್ಲಿ ಇದು ಒಂದೇ ಮೂಳೆ. ಕೋಳಿಮರಿಯಲ್ಲಿ ಮೂರು ಮೂಳೆ ಅಕ್ಕಪಕ್ಕ ಇರುತ್ತವೆ, ಬೆಳೆಯುತ್ತ ಬೆಸೆದುಕೊಳ್ಳುತ್ತವೆ. ನಿನ್ನದು ಪೂರ್ತಿ ಬೆಸೆದೇ ಇಲ್ಲ. ಮರಿಯ ಕಾಲಿನ ಥರ ಇದೆ, ಗಾತ್ರ ಮಾತ್ರ ಯಾವುದೋ ಭೀಮನದ್ದು. ಇಂಥ ಮೋಟು ಕಾಲಿನಲ್ಲಿ ಓಡಲು ಆಗುವುದಿಲ್ಲ. ನೆಟ್ಟಗೆ ನಿಂತು ಓಲಾಡುತ್ತ ನಡೆಯಬೇಕು.

ಇದನ್ನು ಹೇಳಿದ ತಕ್ಷಣ ನಿಮ್ಮಮ್ಮ, "ಟಿವಿಯಲ್ಲಿ ತೋರಿಸ್ತಾರಲ್ಲ, ಕೋಟು ಹಾಕ್ಕೊಂಡು ಕ್ಯೂನಲ್ಲಿ ನಿಂತಿರೋ ಹಕ್ಕಿ, ಅದೇ ಇರ್ಬೇಕು" ಅಂದಳು. ನಾನು ನಕ್ಕೆ. ಆಮೇಲೆ ನಗು ನಿಂತಿತು.

ಮುರಿದ ಅಂಚು ಎಲ್ಲಾದರೂ ಇದ್ದರೆ ಒಳಗೆ ಟೊಳ್ಳೋ ಗಟ್ಟಿಯೋ ನೋಡು. ಕೋಳಿಯದು ಟೊಳ್ಳು. ಇನ್ನೊಂದು, ಅದು ಬಲಗಾಲು.

ಅಪ್ಪ


ಜೂನ್ 24

ಅಪ್ಪಾ,

ಗಟ್ಟಿ. ಒಳಗೆಲ್ಲ ಗಟ್ಟಿ.

ನಿಮ್ಮ ಕಾಗದ ಓದಿದ ಮೇಲೆ ಬಿಸಿ ಚಹಾ ಬಿಟ್ಟು ಉಗ್ರಾಣಕ್ಕೆ ಓಡಿದೆ. ಮೂಳೆಯನ್ನು ತಲೆಕೆಳಗು ಮಾಡಿ ಹಿಡಿದೆ. ಆಮೆಯ ತೋಳು ಮಾಯವಾಗಿ ಕಾಲು ನಿಂತಿತ್ತು. ಇಷ್ಟು ದಿನ ಹೇಗೆ ಕಾಣಲಿಲ್ಲವೋ ದೇವರಿಗೇ ಗೊತ್ತು. ಗಂಟುಗಳಲ್ಲಿ ಗೀರಿದೆ, ನಡುವಿನದು ಚಾಚಿದೆ, ಎರಡು ಗುಳಿಗಳೂ ಇವೆ. ಅಮ್ಮನಿಗೆ ಹೇಳಿ, ಅವರ ಊಹೆ ಸರಿ. ಇದು ಪೆಂಗ್ವಿನ್ನೇ ಇರಬೇಕು.

ಈಗಿನ ಪೆಂಗ್ವಿನ್ ಅಲ್ಲ. ಈ ಬಂಡೆಗೆ ಸುಮಾರು ಆರು ಕೋಟಿ ವರ್ಷ. ಭೂಮಿಯ ಮೇಲಿನ ದೈತ್ಯ ಹಲ್ಲಿಗಳೆಲ್ಲ ಸತ್ತು, ಸಮುದ್ರದ ದೊಡ್ಡ ಬೇಟೆಗಾರರೂ ಇಲ್ಲವಾಗಿ, ನೀರು ಖಾಲಿ ಬಿದ್ದಿದ್ದ ಕಾಲ. ಹಾರುತ್ತಿದ್ದ ಯಾವುದೋ ಹಕ್ಕಿ ನೀರಿಗಿಳಿಯಿತು, ಹಾರುವುದನ್ನೇ ಬಿಟ್ಟಿತು. ಹಾರುವವರಿಗೆ ಹಗುರ ಬೇಕು, ಮುಳುಗುವವರಿಗೆ ಭಾರ ಬೇಕು. ಅದಕ್ಕೇ ಮೂಳೆ ಗಟ್ಟಿ. ಹಾರಬೇಕಾಗಿಲ್ಲ ಅಂದ ಮೇಲೆ ಮೈಗೂ ಲಗಾಮಿಲ್ಲ, ಕೆಲವು ಮನುಷ್ಯರಷ್ಟು ಎತ್ತರ ಬೆಳೆದವು. ಉದ್ದನೆಯ ಈಟಿಯಂಥ ಕೊಕ್ಕಿತ್ತು. ಅಮ್ಮನ ಕೋಟಿನ ಬಗ್ಗೆ ಮಾತ್ರ ಅನುಮಾನ. ಇನ್ನೊಂದು ಕಡೆ ಗರಿಯ ಸಮೇತ ಸಿಕ್ಕ ಹಳೆಯ ಪೆಂಗ್ವಿನ್ ಒಂದರ ಬಣ್ಣ ಬೂದಿ ಮತ್ತು ಕೆಂಗಂದು ಎಂದು ಕಂಡುಹಿಡಿದಿದ್ದಾರೆ. ಆಮೇಲೆ ಈ ದೈತ್ಯರು ಏಕೆ ಅಳಿದರೆಂದು ಖಚಿತವಾಗಿ ಗೊತ್ತಿಲ್ಲ. ಸೀಲ್‌ಗಳೂ ಹಲ್ಲಿರುವ ತಿಮಿಂಗಿಲಗಳೂ ಬಂದು ಇವರ ಊಟಕ್ಕೆ ಕೈ ಹಾಕಿದವು ಎಂದು ಕೆಲವರ ಊಹೆ.

ಇಷ್ಟೆಲ್ಲ ಒಂದು ಕಾಲಿನ ಮೂಳೆಯ ಹಿಂದೆ. ನನಗೆ ಎರಡು ದಿನದಿಂದ ಊಟ ಸೇರುತ್ತಿಲ್ಲ, ಖುಷಿಗೆ.

ಮುಂದಿನ ವಾರದ ಸಭೆಯಲ್ಲಿ ವಿಭಾಗದ ಮೇಡಂ ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಬರೀ ಕಲ್ಲು ಬಿಡಿಸುವವರಿಗೆ ಅಲ್ಲಿ ಯಾರೂ ಮಾತಾಡಲು ಬಿಡುವುದಿಲ್ಲ. ಚೀಟಿ ಬರೆದ ಹಿರಿಯರೂ ಬರುತ್ತಾರೆ. ಅವರು ನಿವೃತ್ತರಾಗಿ ಹನ್ನೊಂದು ವರ್ಷ, ಆದರೂ ದಿನಾ ಬೆಳಿಗ್ಗೆ ಬಂದು ಚೀಟಿ ಬರೆಯುತ್ತ ಕೂರುತ್ತಾರೆ. ಎಲ್ಲರೂ ಅವರನ್ನು ಲೇಬಲ್ ತಾತ ಅನ್ನುತ್ತಾರೆ. ಅವರ ಮುಂದೆ ಅವರದೇ ಚೀಟಿ ತಪ್ಪು ಅನ್ನಬೇಕು. ಧೈರ್ಯ ಬರಲಿ ಎಂದು ಹಾರೈಸಿ.

ಪಿಳ್ಳೆ


ಜುಲೈ 9

ಅಪ್ಪನಿಗೆ,

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಖಾನೆ ಸದ್ಯಕ್ಕೆ ಉಳಿದಿದೆ. ಮೇಡಂ ಮೂಳೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಪೆಂಗ್ವಿನ್ ಇರಬಹುದು. ಆದ್ರೆ ಒಂದು ಕಾಲು ನೋಡಿ ಹಕ್ಕಿ ನಿಲ್ಸೋಕಾಗಲ್ಲ. ಸೆಪ್ಟೆಂಬರ್ ಮುಗಿಯೋದ್ರೊಳಗೆ ರೆಕ್ಕೆ ತೋರ್ಸಿ, ಆಮೇಲೆ ನೋಡೋಣ" ಅಂದರು. ಉಳಿದ ನಾಲ್ಕು ಕಲ್ಲುಗಳನ್ನು ಬಿಡಿಸಲು ಅನುಮತಿ ಸಿಕ್ಕಿದೆ. ಇರುವ ದಿನಗಳಲ್ಲಿ ಒಂದನ್ನಷ್ಟೇ ಬಿಡಿಸಲು ಸಾಧ್ಯ. ಯಾವುದೆಂದು ನಾನು ಆರಿಸಬೇಕು.

ಇನ್ನು ಉಳಿದದ್ದು. "ಬಲಗಾಲು" ಎಂದು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿದ್ದೆ. ಲೇಬಲ್ ತಾತ ಕನ್ನಡಕ ಏರಿಸಿ ನೋಡಿ, "ಇದು ಎಡಗಾಲು ಕಣಮ್ಮ" ಅಂದರು. ಪರೀಕ್ಷಿಸಿದರೆ ಎಡಗಾಲೇ. ಕೋಣೆಯಲ್ಲಿ ನಗೆ ಎದ್ದಿತು. ನನ್ನ ಮುಖ ಕೆಂಪಾಗಿತ್ತು. ಆಗ ಮೇಡಂ, "ಅದಿರಲಿ, ಕಾಲು ಅಂತ ನಿಮಗೆ ಹೊಳೆದಿದ್ದು ಹೇಗೆ?" ಅಂತ ಕೇಳಿದರು.

ನಾನು "ಪುಸ್ತಕದಲ್ಲಿ ನೋಡಿದೆ" ಅಂದೆ.

ಲೇಬಲ್ ತಾತ "ಯಾವ ಪುಸ್ತಕ?" ಅಂದರು. ಹೆಸರು ಮರೆತಿದೆ ಅಂದೆ.

ಇದನ್ನು ನಿಮಗೆ ಹೇಳದೆ ಇರಬಹುದಿತ್ತು. ಆದರೆ ನಿಮ್ಮ ಕಾಗದ ಆ ಹೊತ್ತಿಗೆ ನನ್ನ ಜೇಬಿನಲ್ಲೇ ಇತ್ತು, ಹೇಳದೆ ಇರಲು ಆಗಲಿಲ್ಲ. ಕೋಳಿ ಅಂಗಡಿ ಎಂಬ ಮಾತು ನಾಲಿಗೆಯ ತುದಿಗೆ ಬಂತು, ಅವರ ನಗು ನೋಡಿ ವಾಪಸ್ ಹೋಯಿತು. ನನಗೆ ನನ್ನ ಮೇಲೇ ಅಸಹ್ಯವಾಗಿದೆ.

ಪಿಳ್ಳೆ


ಜುಲೈ 30

ಅಪ್ಪನಿಗೆ,

ಮೂರು ವಾರವಾಯಿತು. ಬೈದಾದರೂ ಬರೆಯಿರಿ.

ನಾಲ್ಕು ಕಲ್ಲುಗಳ ಮುಂದೆ ದಿನಾ ಕೂತು ಎದ್ದು ಬರುತ್ತಿದ್ದೇನೆ. ಯಾವುದಕ್ಕೆ ಕೈ ಹಾಕಲಿ ಎಂದು ತೋಚುತ್ತಿಲ್ಲ.

ಪಿಳ್ಳೆ


ಆಗಸ್ಟ್ 6

ಮಗಳೇ,

ನಿಮ್ಮಪ್ಪ ಬರೆಯುವುದಿಲ್ಲ ಎಂದು ನಾನು ಬರೆಯುತ್ತಿದ್ದೇನೆ. ನಾನು ಬರೆದದ್ದು ಅವರಿಗೆ ಗೊತ್ತಿಲ್ಲ, ಗೊತ್ತಾದರೂ ಏನು ಮಾಡುತ್ತಾರೆ.

ನಿನ್ನ ಕಾಗದವನ್ನು ನಾನೇ ಓದಿ ಹೇಳಿದೆ. ಬಲಗಾಲಿನ ಸಂಗತಿಗೆ ಜೋರಾಗಿ ನಕ್ಕರು. ಪುಸ್ತಕದ ಸಂಗತಿಗೂ ನಕ್ಕರು. ಆಮೇಲೆ ತಟ್ಟೆ ಸರಿಸಿ ಎದ್ದುಹೋದರು. ನೀನು ಮಾಡಿದ್ದು ಸರಿಯಲ್ಲ, ಅದನ್ನು ನಿನಗೆ ಹೇಳಬೇಕಾದ್ದೂ ಇಲ್ಲ.

ಈಗ ಇಲ್ಲಿ ನಡೆಯುತ್ತಿರುವುದನ್ನು ಕೇಳು. ದಿನಾ ಮಧ್ಯಾಹ್ನ ಅಂಗಡಿಗೆ ಬಾಗಿಲು ಹಾಕಿ, ತಾರಸಿಯ ಮೇಲೆ ಹಳೇ ಪೇಪರ್ ಹರಡಿ, ಬೇಯಿಸಿದ ಕೋಳಿಯ ಮೂಳೆಗಳನ್ನು ಬಿಸಿಲಿಗೆ ಹಾಕುತ್ತಾರೆ. ಕಾಗೆ ಓಡಿಸುವ ಕೆಲಸ ನನ್ನದು. ನನ್ನ ಹಲ್ಲುಜ್ಜುವ ಬ್ರಷ್ಷೂ ಹೋಯಿತು. ತಲೆಯಿಂದ ಕಾಲಿನವರೆಗೆ ತಂತಿ ಕಟ್ಟಿ ಒಂದು ಇಡೀ ಕೋಳಿಯನ್ನು ಎಬ್ಬಿಸಿ ನಿಲ್ಲಿಸಿದ್ದಾರೆ. ಪಕ್ಕದ ಮನೆಯಾಕೆ ಬಟ್ಟೆ ಒಣಹಾಕಲು ಬಂದವಳು ನೋಡಿ, "ನಿಮ್ಮನೆಯವರು ಆರೋಗ್ಯವಾಗಿದ್ದಾರಾ?" ಅಂತ ಮೆಲ್ಲಗೆ ಕೇಳಿದಳು. "ಮಗಳ ಆಫೀಸಿನ ಕೆಲಸ" ಅಂದೆ.

ಮನುಷ್ಯನಿಗೆ ಸಿಟ್ಟು ಬಂದಿದೆ, ಆದರೆ ಕೈ ಸುಮ್ಮನಿಲ್ಲ. ಸ್ವಲ್ಪ ತಡೆದುಕೋ. ಊಟ ಸರಿಯಾಗಿ ಮಾಡು.

ಅಮ್ಮ


ಆಗಸ್ಟ್ 18

ಪಿಳ್ಳೆ,

ಪುಸ್ತಕದಲ್ಲಿ ನೋಡಿದೆ ಅಂದೆಯಲ್ಲ, ಆ ಪುಸ್ತಕದ ಮುಂದಿನ ಪುಟ ಕಳಿಸಿದ್ದೇನೆ. ಪೆಟ್ಟಿಗೆಯನ್ನು ನಿಧಾನವಾಗಿ ಬಿಚ್ಚು, ಕತ್ತು ಸೂಕ್ಷ್ಮ.

ಸಿಟ್ಟು ಬಂದಿತ್ತು, ಇಲ್ಲ ಅನ್ನುವುದಿಲ್ಲ. ಹೋಗಿದೆ ಎಂದೂ ಹೇಳುವುದಿಲ್ಲ. ಆದರೆ ನನ್ನ ಮಾತಿನಿಂದ ನಾಲ್ಕು ಜನರ ಮುಂದೆ ನಿನಗೆ ಅವಮಾನವಾಯಿತು, ಅದು ನನ್ನನ್ನು ಕೊರೆಯುತ್ತಿದೆ. ಕೊಕ್ಕೆಯ ಮುಂದೆ ನಿಂತು ನೋಡಿದಾಗ ತಪ್ಪು ಗೊತ್ತಾಯಿತು. ನಾನು ಕೋಳಿಯನ್ನು ಅದರ ಬೆನ್ನು ನನ್ನ ಕಡೆ ಬರುವ ಹಾಗೆ ತಲೆಕೆಳಗು ನೇತುಹಾಕುತ್ತೇನೆ. ನನ್ನ ಬಲಗೈಗೆ ಸಿಗುವುದನ್ನು ಬಲಗಾಲು ಅನ್ನುತ್ತೇನೆ. ಅಸಲಿಗೆ ಅದು ಕೋಳಿಯ ಎಡಗಾಲು. ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ಕೋಳಿಯೂ ತಿರುಗಿ ಅಲ್ಲ ಅಂದಿಲ್ಲ. ಈಗ ಕೊಕ್ಕೆಗಳ ಮೇಲೆ ಸುಣ್ಣದ ಕಡ್ಡಿಯಿಂದ ಎಡ, ಬಲ ಎಂದು ಬರೆದಿದ್ದೇನೆ. ಗಿರಾಕಿಗಳು ಏನೋ ಹೊಸ ನಮೂನೆ ಬಂದಿದೆ ಅಂದುಕೊಂಡಿದ್ದಾರೆ.

ಈಗ ನಿನ್ನ ಕಲ್ಲುಗಳ ವಿಚಾರ. ಸತ್ತ ಹಕ್ಕಿ ಒಂದೇ ಸಲ ಬಿಡಿಬಿಡಿಯಾಗುವುದಿಲ್ಲ. ಮೊದಲು ಕಳಚುವುದು ತಲೆ, ಪಾದ. ಕೊನೆಯವರೆಗೂ ಬಿಡದೆ ಇರುವುದು ಎದೆಗೂಡು ಮತ್ತು ರೆಕ್ಕೆ. ಅಲ್ಲಿನ ನರ ಅಷ್ಟು ಗಟ್ಟಿ, ಕತ್ತಿ ಆಡಿಸುವವನಿಗೆ ಗೊತ್ತು. ಅಂದಮೇಲೆ ನಿನ್ನ ಕಾಲು ಬೇಗ ಕಳಚಿ ದೂರ ಬಿದ್ದಿದೆ, ಅದರ ಪಕ್ಕದ ಸಣ್ಣ ಕಲ್ಲುಗಳನ್ನು ಕೆದಕಿ ದಿನ ಕಳೆಯಬೇಡ. ಎಲ್ಲಕ್ಕಿಂತ ದೊಡ್ಡ ಕಲ್ಲಿಗೆ ಕೈ ಹಾಕು, ದಪ್ಪ ಇರುವ ಕಡೆಯಿಂದ. ಎದೆಯ ಮೂಳೆ ಸಿಕ್ಕರೆ ರೆಕ್ಕೆ ಎಲ್ಲೋ ಹೋಗಿರುವುದಿಲ್ಲ, ಅಲ್ಲೇ ಮಗ್ಗುಲಲ್ಲಿ ಮಡಿಸಿಕೊಂಡಿರುತ್ತದೆ. ನಾನು ಕಳಿಸಿದ ಕೋಳಿಯನ್ನು ಮೇಜಿನ ಮೇಲಿಟ್ಟುಕೊಂಡು ಒಂದೊಂದೇ ಮೂಳೆ ಹೋಲಿಸಿಕೊಂಡು ಹೋಗು.

ಈ ಸಲ ಎಡ ಬಲ ನಾನು ಹೇಳುವುದಿಲ್ಲ.

ಅಪ್ಪ


ಸೆಪ್ಟೆಂಬರ್ 11

ಅಪ್ಪಾ,

ಸಿಕ್ಕಿತು.

ದೊಡ್ಡ ಕಲ್ಲು, ದಪ್ಪದ ಕಡೆ. ಗಾಳಿಯ ಒತ್ತಡಕ್ಕೆ ನಡುಗುವ ಸಣ್ಣ ಸೂಜಿ ನಮ್ಮ ಹತ್ತಿರ ಇದೆ, ಅದರಲ್ಲಿ ಹದಿನಾಲ್ಕು ದಿನ ಕೊರೆದೆ. ಒಂಬತ್ತನೇ ದಿನ ಎದೆಯ ಮೂಳೆಯ ಅಂಚು ಕಂಡಿತು. ನಿಮ್ಮ ಕೋಳಿಯನ್ನು ಪಕ್ಕದಲ್ಲಿ ಮಲಗಿಸಿ, ಅದರ ಎದೆಯಿಂದ ರೆಕ್ಕೆಗೆ ಬೆರಳಿನಲ್ಲಿ ದಾರಿ ಹಿಡಿದೆ. ಕಲ್ಲಿನ ಮೇಲೂ ಅದೇ ದಾರಿ ಹಿಡಿದೆ. ಹದಿನಾಲ್ಕನೇ ದಿನ ಬೆಳಿಗ್ಗೆ ಸೂಜಿಯ ಸದ್ದು ಬದಲಾಯಿತು. ಬ್ರಷ್ಷಿನಲ್ಲಿ ಧೂಳು ಸರಿಸಿದರೆ ಕಂದು ಬಣ್ಣದ ಮೂಳೆ. ನಿಮ್ಮ ಕೋಳಿಯ ತೋಳು ಗುಂಡಗೆ ಕಡ್ಡಿಯ ಹಾಗಿದೆ, ಇದು ಚಪ್ಪಟೆ, ದೋಣಿಯ ಹುಟ್ಟಿನ ಹಾಗೆ. ನೀರನ್ನು ಹಿಂದಕ್ಕೆ ತಳ್ಳುವ ಕೈ. ನನ್ನ ಮೊಣಕೈಯಿಂದ ಮಣಿಕಟ್ಟಿನವರೆಗೆ ಎಷ್ಟಿದೆಯೋ ಅಷ್ಟುದ್ದ. ಮೇಡಂ ಲೆಕ್ಕ ಹಾಕಿದರು. ಆ ಹಕ್ಕಿ ನಿಂತರೆ ನನಗಿಂತ ನಾಲ್ಕು ಬೆರಳು ಕಡಿಮೆ ಎತ್ತರ. ಮೇಡಂ ಯಾವತ್ತೂ ಕುರ್ಚಿಯಿಂದ ಏಳದವರು, ಎದ್ದು ಕೋಣೆಯಲ್ಲಿ ಎರಡು ಸುತ್ತು ಹಾಕಿದರು.

ನಿನ್ನೆ ಮತ್ತೆ ಸಭೆ. ಲೇಬಲ್ ತಾತ ಕೇಳಿಯೇ ಕೇಳಿದರು, "ದೊಡ್ಡ ಕಲ್ಲಿಗೇ ಕೈ ಹಾಕ್ಬೇಕು ಅಂತ ಯಾವ ಪುಸ್ತಕ ಹೇಳ್ತಮ್ಮ?"

ನಾನು ಹೋಗಿ ನಿಮ್ಮ ಕೋಳಿಯನ್ನು ತಂದು ಮೇಜಿನ ನಡುವೆ ನಿಲ್ಲಿಸಿದೆ. "ಪುಸ್ತಕ ಯಾವುದೂ ಇಲ್ಲ. ಆವತ್ತು ಸುಳ್ಳು ಹೇಳಿದೆ. ನಮ್ಮಪ್ಪ ಕೋಳಿ ಅಂಗಡಿ ಇಟ್ಟಿದ್ದಾರೆ. ಕಾಲು ಅಂತ ಹೇಳಿದ್ದು ಅವ್ರು, ಈ ಕಲ್ಲು ಒಡಿ ಅಂದಿದ್ದೂ ಅವ್ರೇ" ಅಂದೆ. ಬಲಗಾಲಿನ ಕಥೆಯನ್ನೂ ಹೇಳಿದೆ, ಕೊಕ್ಕೆಯ ಸಮೇತ.

ಯಾರೂ ನಗಲಿಲ್ಲ. ಲೇಬಲ್ ತಾತ ಕೋಳಿಯ ಕಾಲನ್ನು ಮೂಗಿನ ಹತ್ತಿರ ಹಿಡಿದು ಎಷ್ಟೋ ಹೊತ್ತು ನೋಡಿದರು. ಆಮೇಲೆ ನಲವತ್ತೊಂದನೇ ಖಾನೆಯ ತಮ್ಮ ಚೀಟಿಯನ್ನು ತರಿಸಿ, ತಾವೇ ಅಡ್ಡಗೆರೆ ಎಳೆದರು. "ನಲವತ್ತೆರಡರಿಂದ ಅರವತ್ತರ ತನಕ ನನ್ನ ಪ್ರಶ್ನೆ ಚಿಹ್ನೆಗಳೇ ಇವೆ. ನಿಮ್ಮಪ್ಪ ಯಾವಾಗ ಬರ್ತಾರೆ?" ಅಂದರು.

ಅಕ್ಟೋಬರ್ ಹದಿನೇಳಕ್ಕೆ ಹಕ್ಕಿಯನ್ನು ಜನರಿಗೆ ತೋರಿಸುತ್ತಾರೆ. ನೀವು ಬರಬೇಡ ಅಂದ ಮೇಲೆ ನಾನು ಮನೆಗೆ ಬರುವಂತಿಲ್ಲ. ನೀವು ಇಲ್ಲಿಗೆ ಬರಬಹುದಲ್ಲ. ಅಮ್ಮನನ್ನೂ ಕರೆದುಕೊಂಡು ಬನ್ನಿ. ಅವರಿಗೊಂದು ಹೊಸ ಬ್ರಷ್ ತೆಗೆದಿಟ್ಟಿದ್ದೇನೆ.

ನಿಮ್ಮ ಪಿಳ್ಳೆ


ಅಕ್ಟೋಬರ್ 21

ಪಿಳ್ಳೆ,

ಸುಖವಾಗಿ ಮನೆ ಸೇರಿದೆವು. ನಿಮ್ಮಮ್ಮ ಬಸ್ಸಿನಲ್ಲಿ ಪಕ್ಕದವರಿಗೆಲ್ಲ ಪೆಂಗ್ವಿನ್ ಕಂಡುಹಿಡಿದದ್ದು ತಾನೇ ಎಂದು ಹೇಳಿಕೊಂಡು ಬಂದಳು. ಸುಳ್ಳೇನಲ್ಲ. ಕೋಟಿನ ಬಣ್ಣ ಮಾತ್ರ ಈಗಲೂ ಒಪ್ಪುತ್ತಿಲ್ಲ.

ಅಲ್ಲಿ ನಿನ್ನೆದುರು ಹೇಳಲಾಗದ್ದನ್ನು ಬರೆಯುತ್ತೇನೆ. ಹೊರಡುವ ಬೆಳಿಗ್ಗೆ ಅಂಗಡಿಯ ನಲ್ಲಿಯಲ್ಲಿ ನಾನೂ ಮೂರು ಸಲ ಸೋಪು ಹಾಕಿ ಕೈ ತೊಳೆದೆ. ಆದರೂ ನಂಬಿಕೆ ಬರದೆ, ಬಸ್ಸು ಇಳಿದ ಮೇಲೆ ಇನ್ನೊಮ್ಮೆ ತೊಳೆದೆ. ನಿಮ್ಮ ಆ ದೊಡ್ಡ ಹಾಲಿನಲ್ಲಿ ಕೈಗಳನ್ನು ಜೇಬಿನಿಂದ ತೆಗೆಯಬಾರದು ಎಂದು ತೀರ್ಮಾನಿಸಿಕೊಂಡೇ ಬಂದಿದ್ದೆ. ನಿಮ್ಮ ಲೇಬಲ್ ತಾತ ಬಿಡಬೇಕಲ್ಲ. ಬಂದವರೇ ನನ್ನ ಕೈಯನ್ನು ಜೇಬಿನಿಂದ ಎಳೆದು, ಆ ಕಾಲಿನ ಮೂಳೆಯನ್ನು ಅಂಗೈಯಲ್ಲಿಟ್ಟು, "ತೂಕ ನೋಡಿ ಯಜಮಾನ್ರೇ" ಅಂದರು. ನಿನ್ನ ಚಿತ್ರದಲ್ಲಿ ತೂಕ ಇರಲಿಲ್ಲ. ಇಪ್ಪತ್ತೊಂಬತ್ತು ವರ್ಷದಲ್ಲಿ ಲೆಕ್ಕವಿಲ್ಲದಷ್ಟು ಕಾಲು ಕತ್ತರಿಸಿ ನಾಯಿಗೆ ಎಸೆದಿದ್ದೇನೆ. ಒಂದನ್ನೂ ಹೀಗೆ ಎರಡು ಕೈಯಲ್ಲಿ ಹಿಡಿದಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಧೂಳು ಅಂದೆ, ನಿಮ್ಮಮ್ಮ ನಂಬಲಿಲ್ಲ.

ಆಮೇಲೆ ಗಾಜಿನ ಪೆಟ್ಟಿಗೆಯ ಹತ್ತಿರ ಬಂದೆವು. ದೊಡ್ಡ ಹಕ್ಕಿಯ ಪಕ್ಕದಲ್ಲಿ ನನ್ನ ಕೋಳಿ. ಕೆಳಗೆ ತಾತನ ದುಂಡು ಅಕ್ಷರದ ಚೀಟಿ: "ದೈತ್ಯ ಪೆಂಗ್ವಿನ್. ಎಡಗಾಲು, ಎದೆ, ರೆಕ್ಕೆ. ಗುರುತಿಸಿದವರು: ಕೋಳಿ ಅಂಗಡಿಯವರು. ಬಿಡಿಸಿದವರು: ಅವರ ಮಗಳು." ಅಲ್ಲಿದ್ದ ಒಬ್ಬ ಹೆಂಗಸು ಅದನ್ನು ಜೋರಾಗಿ ಓದಿ, "ಕೋಳಿ ಅಂಗಡಿಯವರಂತೆ, ನೋಡ್ರೀ" ಎಂದು ಗಂಡನಿಗೆ ತೋರಿಸಿ ನಕ್ಕಳು. ನನ್ನ ಕೈ ತಾನಾಗಿ ಜೇಬಿಗೆ ಹೋಯಿತು. ನೀನು ಅದನ್ನು ಅರ್ಧದಲ್ಲೇ ಹಿಡಿದುಕೊಂಡು, "ಇವರೇ ನಮ್ಮಪ್ಪ" ಅಂದೆ. ಆಕೆ ಹೋದ ಮೇಲೂ ನೀನು ಹಿಡಿದೇ ಇದ್ದೆ. ಕೈಯಲ್ಲಿ ವಾಸನೆ ಉಳಿದಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ನೀನು ಬಿಡಲಿಲ್ಲ.

ಒಂದು ಗುಟ್ಟು. ಗಾಜಿನೊಳಗೆ ನೋಡುತ್ತಿರುವಾಗ ಗಮನಕ್ಕೆ ಬಂತು, ನಾನು ಆ ಕೋಳಿಗೆ ಎಡಗಾಲನ್ನು ಬಲಕ್ಕೆ, ಬಲಗಾಲನ್ನು ಎಡಕ್ಕೆ ಕಟ್ಟಿದ್ದೇನೆ. ಅಷ್ಟೊಂದು ಓದಿದವರು ಅದರ ಮುಂದೆ ನಿಂತು ತಲೆಯಾಡಿಸುತ್ತಿದ್ದರು. ತಾತನಿಗೆ ಮಾತ್ರ ಗೊತ್ತಾಗಿದೆ ಎಂದು ಕಾಣುತ್ತದೆ, ನನ್ನ ಕಡೆ ನೋಡಿ ಮೀಸೆಯಲ್ಲೇ ನಕ್ಕರು. ಬಿಚ್ಚಿ ಸರಿಮಾಡಿ ಕಟ್ಟಬೇಕು. ಅದಕ್ಕೆ ನನ್ನ ಇಕ್ಕಳವೇ ಆಗಬೇಕು, ಆ ತಂತಿ ಬೇರೆಯವರ ಕೈಗೆ ಬಗ್ಗುವುದಿಲ್ಲ. ತಾತನ ಹತ್ತಿರ ಹೇಳಿ ಕೋಳಿಯನ್ನು ಒಂದು ದಿನದ ಮಟ್ಟಿಗೆ ತೆಗೆದುಕೊಂಡು ಬಾ.

ಅದು ನೆಪ ಎಂದು ನಿಮ್ಮಮ್ಮ ಹಿಂದೆ ನಿಂತು ಹೇಳುತ್ತಿದ್ದಾಳೆ. ಇರಲಿ. ಆವತ್ತು ಬರಬೇಡ ಅಂದದ್ದು ನನ್ನ ತಪ್ಪು.

ಭಾನುವಾರ ಅಂಗಡಿಯಲ್ಲಿ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಸೋಮವಾರ ಬಾ. ಸೋಪು ಮನೆಯಲ್ಲಿದೆ.

ಅಪ್ಪ